ಮೊದಲು ಎಸ್‌ಎಂಪಿಎಸ್ ಕೈಯಲ್ಲಿ ತೂಗಿ ನೋಡಿ

ಹಳೇ ಕಂಪ್ಯೂಟರ್ ಸಾಮಾನು ಸೇರಿಸಿ ಕಡಿಮೆ ಖರ್ಚಿನಲ್ಲಿ ಒಂದು ಪಿಸಿ ಮಾಡಿಕೊಳ್ಳುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ತಿಂಗಳು ಹೇಳಿದ್ದೆ. ಪತ್ರಗಳು ಬಂದವು. ಅರ್ಧಕ್ಕರ್ಧ ಗ್ರಾಫಿಕ್ಸ್ ಕಾರ್ಡ್ ಬಗ್ಗೆ. ಉಳಿದವುಗಳಲ್ಲಿ ಹೆಚ್ಚಿನವು ರ‍್ಯಾಮ್ ಬಗ್ಗೆ. ಎಸ್‌ಎಂಪಿಎಸ್, ಅಂದರೆ ಕರೆಂಟ್ ಕೊಡುವ ಆ ತಗಡಿನ ಡಬ್ಬ, ಅದರ ಬಗ್ಗೆ ಅಂತಲೇ ಬರೆದವರು ಒಬ್ಬರೂ ಇಲ್ಲ, ಒಬ್ಬ ಹುಡುಗ ಮಾತ್ರ ಕೊನೆಗೆ ಒಂದು ಮಾತು ಸೇರಿಸಿದ್ದಾನೆ. ಇಪ್ಪತ್ತು ವರ್ಷದ ಮೇಲಾಯಿತು ನಾನು ಈ ರಿಪೇರಿ ಟೇಬಲ್ ಮುಂದೆ ಕೂತು. ಟೇಬಲ್ ಮೇಲೆ ಸತ್ತು ಬಂದ ಬೋರ್ಡುಗಳಲ್ಲಿ ಎಷ್ಟನ್ನು ಈ ಡಬ್ಬವೇ ಕೊಂದಿದೆಯೋ ಲೆಕ್ಕ ಇಟ್ಟಿಲ್ಲ.

ನಮ್ಮ ಮನೆಯಲ್ಲಿ 2010ರಲ್ಲಿ ಕೊಂಡ ಕಂಪ್ಯೂಟರ್ ಇದೆ. ಕೋರ್ 2 ಡ್ಯುಯೊ, ಜಿ31 ಮದರ್‌ಬೋರ್ಡ್, 2 ಜಿಬಿ ರ‍್ಯಾಮ್. ಮಗಳು ಬಿಕಾಂ ಸೇರಿದ್ದಾಳೆ. ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಪಾಠ, ಇಷ್ಟೇ ಕೆಲಸ. ಹತ್ತು ಸಾವಿರದೊಳಗೆ ಇದನ್ನೇ ಸರಿ ಮಾಡಿಸಬಹುದಾ ಸರ್?
– ಓದುಗರು, ಹೊಳೆನರಸೀಪುರ

ಸರಿ ಮಾಡಿಸಬಹುದು, ಆದರೆ ಮಾಡಿಸಬೇಡಿ. ಕಾರಣ ಹೇಳುತ್ತೇನೆ. ಜಿ31 ಬೋರ್ಡ್ ತಡೆಯುವುದು 4 ಜಿಬಿ ರ‍್ಯಾಮ್ ಮಾತ್ರ, ಅದೂ ಡಿಡಿಆರ್2 ಅನ್ನುವ ಹಳೇ ತಲೆಮಾರಿನದ್ದು. ನೀವು ಅಂಗಡಿ ಅಂಗಡಿ ತಿರುಗಿ ಹಳೇ ಡಿಡಿಆರ್2 ಹುಡುಕಿ ಹಾಕಿದಿರಿ ಅಂತಲೇ ಇಟ್ಟುಕೊಳ್ಳಿ. ಬ್ರೌಸರ್‌ನಲ್ಲಿ ಪಾಠ, ಪಕ್ಕದಲ್ಲಿ ಎಕ್ಸೆಲ್ ತೆರೆದರೆ ಆ 4 ಜಿಬಿ ಅಲ್ಲಿಗೇ ಮುಗಿಯಿತು. ಮುಂದಕ್ಕೆ ದಾರಿಯೇ ಇಲ್ಲ. ಕೋರ್ 2 ಡ್ಯುಯೊ ಮೇಲೆ ಈಗಿನ ವಿಂಡೋಸ್ 11 ಏನು ಮಾಡಿದರೂ ಬೂಟ್ ಆಗುವುದಿಲ್ಲ. ಅದಕ್ಕೆ ಬೇಕಾದ ಕೆಲವು ಸೂಚನೆಗಳೇ ಆ ಪ್ರೊಸೆಸರ್‌ನಲ್ಲಿ ಇಲ್ಲ.

ಹಾಗಂತ ಎಲ್ಲವನ್ನೂ ಗುಜರಿಗೆ ಹಾಕಬೇಡಿ. ಮಾನಿಟರ್ ಸರಿ ಇದ್ದರೆ ಇಟ್ಟುಕೊಳ್ಳಿ. ಕೀಬೋರ್ಡ್, ಮೌಸ್, ಸ್ಪೀಕರ್ ಇಟ್ಟುಕೊಳ್ಳಿ. ಇಷ್ಟನ್ನೇ ಹೊಸದಾಗಿ ಕೊಳ್ಳಲು ಹೋದರೆ ನಿಮ್ಮ ಹತ್ತು ಸಾವಿರದಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಸಿಪಿಯು ಡಬ್ಬ ಒಂದನ್ನೇ ಬೇರೆ ತನ್ನಿ.

ಯಾವುದು ತರುವುದು? ಬೆಂಗಳೂರಿನ ಕಂಪನಿಗಳು ನಾಲ್ಕೈದು ವರ್ಷಕ್ಕೊಮ್ಮೆ ಆಫೀಸಿನ ಡೆಸ್ಕ್‌ಟಾಪ್‌ಗಳನ್ನು ಸಾಲುಸಾಲಾಗಿ ಬದಲಿಸುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಇವೆಲ್ಲ ಎಸ್‌ಪಿ ರಸ್ತೆಯ ಅಂಗಡಿಗಳಿಗೆ ಬರುತ್ತವೆ, ಅಲ್ಲಿಂದ ಹಾಸನಕ್ಕೂ ಬರುತ್ತವೆ. ದಿನಾ ಒಂಬತ್ತು ಗಂಟೆ ಎಸಿ ರೂಮಿನಲ್ಲಿ ಕೂತಿದ್ದ ಯಂತ್ರಗಳು. ನಮ್ಮ ಊರಿನ ಸೈಬರ್ ಕೆಫೆ ಯಂತ್ರಕ್ಕಿಂತ ಎಷ್ಟೋ ವಾಸಿ. ನಾಲ್ಕನೇ ತಲೆಮಾರಿನ ಐ5, ಅಂದರೆ ಐ5-4570 ಅಂತ ಬರೆದಿರುವಂಥದ್ದು ಸಿಕ್ಕರೆ ನಿಮ್ಮ ಬಜೆಟ್‌ಗೆ ಸರಿ. ಅದು 2013ರ ಪ್ರೊಸೆಸರ್, ನಾಲ್ಕು ಕೋರ್ ಇದೆ, ಡಿಡಿಆರ್3 ರ‍್ಯಾಮ್. 8 ಜಿಬಿ ಹಾಕಿಸಿ. ಅಂಗಡಿಯವರು 500 ಜಿಬಿ ಹಾರ್ಡ್ ಡಿಸ್ಕ್ ಕೊಡುತ್ತೇವೆ ಅಂದರೆ ಅದರ ಬದಲು 240 ಜಿಬಿ ಎಸ್‌ಎಸ್‌ಡಿ, ಅಂದರೆ ಅದಕ್ಕಿಂತ ಎಷ್ಟೋ ವೇಗದ ಡಿಸ್ಕ್, ಕೊಡಿ ಅನ್ನಿ. ಇದೊಂದರಲ್ಲಿ ಮಾತ್ರ ಜಗ್ಗಬೇಡಿ.

ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ತಿದ್ದುಪಡಿ ಕೊಡುವುದು, ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ನಿಮ್ಮ ಮಗಳಿಗೆ ಟ್ಯಾಲಿ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು. ಹಾಗಾಗಿ ಇನ್ನು ನಾಲ್ಕೈದು ಸಾವಿರ ಹೊಂದಿಸಲು ಆಗುತ್ತದೆ ಅನ್ನುವುದಾದರೆ ಎಂಟನೇ ತಲೆಮಾರಿನದ್ದನ್ನೇ ಹುಡುಕಿ. ಆಗುವುದಿಲ್ಲ ಅಂದರೆ ವಿಂಡೋಸ್ 10 ಇರುವ ನಾಲ್ಕನೆಯದ್ದೇ ಇರಲಿ, ಅದರಲ್ಲಿ ಬ್ಯಾಂಕ್ ವ್ಯವಹಾರ ಮಾತ್ರ ಬೇಡ.

ಡೆಲ್‌ನವರ ಆ ಸಾಲಿನಲ್ಲಿ ಇನ್ನೊಂದು ಕಿರಿಕಿರಿ. 3020, 9020 ಮಾದರಿಗಳಲ್ಲಿ ಮದರ್‌ಬೋರ್ಡಿಗೆ ಹೋಗುವ ಕನೆಕ್ಟರ್‌ನಲ್ಲಿ ಎಂಟೇ ಪಿನ್. ಮಾಮೂಲಿ ಎಸ್‌ಎಂಪಿಎಸ್‌ನಲ್ಲಿ ಇಪ್ಪತ್ನಾಲ್ಕು. ಅದರ ಎಸ್‌ಎಂಪಿಎಸ್ ಹೋದರೆ ಬೇರೆಯದ್ದನ್ನು ಹಾಗೇ ಚುಚ್ಚಲು ಬರುವುದಿಲ್ಲ, ನಡುವೆ ಒಂದು ಅಡಾಪ್ಟರ್ ಕೇಬಲ್ ಬೇಕು. ಅದಕ್ಕಿಂತ ಹಳೆಯ 7010ರಲ್ಲಿ ಮಾಮೂಲಿ ಕನೆಕ್ಟರ್ರೇ ಇತ್ತು. ಇದು ಗೊತ್ತಿಲ್ಲದೆ ಒಮ್ಮೆ ಗ್ರಾಹಕರಿಗೆ "ಅರ್ಧ ಗಂಟೆಯಲ್ಲಿ ಕೊಡುತ್ತೇನೆ" ಅಂದು ಮೂರು ದಿನ ಕಾಯಿಸಿದ್ದೇನೆ.

ಲ್ಯಾಪ್‌ಟಾಪ್ ಹಾಳಾಗಿದೆ. ಅದರ ರ‍್ಯಾಮ್ ಡೆಸ್ಕ್‌ಟಾಪ್‌ಗೆ ಬರುತ್ತಾ?
– ಓದುಗರು, ಗದಗ

ಬರುವುದಿಲ್ಲ. ಉದ್ದವೇ ಬೇರೆ. ಆದರೆ ಅದರೊಳಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಇದ್ದರೆ ಅದು ಬರುತ್ತದೆ, ಅದೇ ಸಾಟಾ ಕೇಬಲ್. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂಡ ಹೋಗುವುದಿಲ್ಲ, ಅಡಿಯ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋದವರನ್ನು ನೋಡಿದ್ದೇನೆ.

ಅಣ್ಣಾ, ನಾನು ಸೆಕೆಂಡ್ ಪಿಯು. ನಮ್ಮ ಮಾವ ಹಳೇ ಐ5 ಕಂಪ್ಯೂಟರ್ ಕೊಟ್ಟಿದ್ದಾರೆ. ಗೇಮ್ ಆಡೋಕೆ ಆನ್‌ಲೈನ್‌ನಲ್ಲಿ ಜಿಟಿಎಕ್ಸ್ 1050 ಟಿಐ ಮೂರು ಸಾವಿರಕ್ಕೆ ಹೊಸದೇ ಸಿಗ್ತಿದೆ. ತಗೊಳ್ಳಲಾ? ಕ್ಯಾಬಿನೆಟ್ ಜೊತೆ ಬಂದ 450 ವ್ಯಾಟ್ ಎಸ್‌ಎಂಪಿಎಸ್ ಇದೆ, ಸಾಕಲ್ವಾ?
– ವಿದ್ಯಾರ್ಥಿ, ಹುಬ್ಬಳ್ಳಿ

ತಮ್ಮಾ, ಎರಡು ಪ್ರಶ್ನೆಗೂ ನನ್ನ ಉತ್ತರ ಬೇಡ ಅಂತಲೇ. ಬೈಯಬೇಡ, ಪೂರ್ತಿ ಓದು.

1050 ಟಿಐ ಬಂದಿದ್ದು 2016ರಲ್ಲಿ. ಈಗ ಮೂರು ಸಾವಿರಕ್ಕೆ, ಹೆಸರೇ ಕೇಳದ ಡಬ್ಬದಲ್ಲಿ, "ಹೊಸದು" ಅಂತ ಬಂದರೆ ಒಳಗಿರುವುದು ಬಹುಪಾಲು ಜಿಟಿಎಸ್ 450 ಥರದ 2010ರ ಚಿಪ್. ಅದರ ಬಯಾಸ್, ಅಂದರೆ ಕಾರ್ಡಿನೊಳಗಿನ ಪುಟ್ಟ ತಂತ್ರಾಂಶ, ತಿದ್ದಿ ಹೆಸರು ಬದಲಿಸಿರುತ್ತಾರೆ. ವಿಂಡೋಸ್ ಕೂಡ ಅದನ್ನು 1050 ಟಿಐ ಅಂತಲೇ ನಂಬುತ್ತದೆ, ಗೇಮ್ ಶುರುವಾದ ಮೇಲೆ ಬಣ್ಣ ಬಯಲು. ಕಾರ್ಡಿನ ಹಿಂದೆ ನೀಲಿ ವಿಜಿಎ ಪೋರ್ಟ್ ಇದೆಯಾ ನೋಡು. ಆ ಸಾಲಿನ ಚಿಪ್‌ಗಳಲ್ಲಿ ವಿಜಿಎ ಇಲ್ಲ. ಇದ್ದರೆ ಅನುಮಾನ ಪಡು. ಕೈಗೆ ಬಂದ ಮೇಲಾದರೆ ಜಿಪಿಯು-ಝಡ್ ಅನ್ನುವ ಪುಕ್ಕಟೆ ತಂತ್ರಾಂಶ ಹಾಕು. ನಕಲಿಯಾದರೆ ಹೆಸರಿನ ಜೊತೆಗೆ ಅದೇ ಫೇಕ್ ಅಂತ ಬರೆದು ತೋರಿಸುತ್ತದೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಅಸಲಿ ಕಾರ್ಡ್ ತಗೋ, ಬೇಡ ಅನ್ನುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ನಾಣ್ಯದವರು ಮೈನಿಂಗ್, ಅಂದರೆ ಗ್ರಾಫಿಕ್ಸ್ ಕಾರ್ಡ್ ದುಡಿಸಿ ನಾಣ್ಯ ಗಳಿಸುವ ಪದ್ಧತಿ, ಕೈಬಿಟ್ಟರಲ್ಲ, ಆಗ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿರಾಶಿ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೇನಲ್ಲ. ಫ್ಯಾನ್ ಬೇರಿಂಗ್ ಸವೆದಿರುತ್ತದೆ, ಚಿಪ್ಪಿನ ಶಾಖ ಎಳೆಯುವ ಪೇಸ್ಟ್ ಒಣಗಿರುತ್ತದೆ. ನಿನ್ನ ಕಣ್ಣೆದುರೇ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಿದರೆ ಮಾತ್ರ ದುಡ್ಡು ಕೊಡು. "ಮನೆಯಲ್ಲಿ ಕರೆಂಟ್ ಇಲ್ಲ, ಆದ್ರೆ ಚೆನ್ನಾಗಿದೆ" ಅನ್ನುವವರಿಗೆ ಕೈ ಮುಗಿದು ಬಾ.

ಈಗ ಆ 450 ವ್ಯಾಟ್. ಎಸ್‌ಎಂಪಿಎಸ್ ಮೈಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ದೊಡ್ಡ ಅಕ್ಷರದ್ದು ಬಿಡು. 12 ವೋಲ್ಟ್ ಅಂತ ಇರುವ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡು. 14 ಅಂತ ಇದ್ದರೆ, 12 ಇಂಟು 14, 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು ಈ 12 ವೋಲ್ಟ್ ಸಾಲಿನಿಂದಲೇ. ನಿನ್ನದೂ ಐ5-4570 ಅಂತ ಇಟ್ಟುಕೋ, ಆ ಪ್ರೊಸೆಸರ್‌ಗೆ 84 ವ್ಯಾಟ್, 1050 ಟಿಐಗೆ 75. ಅಲ್ಲಿಗೆ 159. ಫ್ಯಾನ್, ಡಿಸ್ಕ್ ಇನ್ನೂ ಸೇರಿಸಿಲ್ಲ. ಚೀಟಿ ಹೇಳುವ 168 ಆದರೂ ನಿಜವಾ ಅನ್ನುವುದು ಬೇರೆ ಮಾತು.

ನಾನು ಎಸ್‌ಪಿ ರಸ್ತೆಯಲ್ಲಿ ಕೆಲಸ ಕಲಿತ ಅಂಗಡಿಯ ಯಜಮಾನರು ಎಸ್‌ಎಂಪಿಎಸ್ ಡಬ್ಬ ತೆರೆಯುತ್ತಲೇ ಇರಲಿಲ್ಲ. ತರಕಾರಿ ತೂಗುವ ಹಾಗೆ ಅಂಗೈಯಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸುತ್ತಿದ್ದರು. ಹಗುರ ಇದ್ದರೆ ವಾಪಸ್. ಒಳಗೆ ತಾಮ್ರ ಇಲ್ಲ, ದೊಡ್ಡ ಕೆಪಾಸಿಟರ್ ಇಲ್ಲ, ಹೀಟ್‌ಸಿಂಕ್ ತಗಡಿನಷ್ಟು ತೆಳ್ಳಗೆ ಅಂತ ಅರ್ಥ. ಇದೇನೂ ವಿಜ್ಞಾನ ಅಲ್ಲ, ಆದರೂ ನಾನು ಈಗಲೂ ಹಾಗೇ ಮಾಡುತ್ತೇನೆ.

ಆ ಪಾಠವನ್ನು ನಾನೇ ಒಮ್ಮೆ ಮರೆತೆ. ದಾವಣಗೆರೆಯಲ್ಲಿ ಅಂಗಡಿ ಇಟ್ಟ ಹೊಸದು. ತಂಗಿಗೆ ಅಂತ ಹಳೇ ಸಾಮಾನು ಹೆಕ್ಕಿ ಹೆಕ್ಕಿ ಒಂದು ಕಂಪ್ಯೂಟರ್ ಮಾಡಿದೆ. ಬೋರ್ಡ್ ಒಬ್ಬರದ್ದು, ರ‍್ಯಾಮ್ ಇನ್ನೊಬ್ಬರದ್ದು. ಎಲ್ಲ ಸರಿಯಾಗಿ ಕೂತಿತು. ಕೊನೆಗೆ ಕೈಯಲ್ಲಿ ಉಳಿದಿದ್ದು ಆರುನೂರು ರೂಪಾಯಿ. ಅಷ್ಟರಲ್ಲೇ ಒಂದು ಎಸ್‌ಎಂಪಿಎಸ್ ತಂದು ಹಾಕಿದೆ. ಹನ್ನೊಂದು ದಿನ ಓಡಿತು. ಹನ್ನೆರಡನೇ ದಿನ ಸಂಜೆ ಕರೆಂಟ್ ಹೋಗಿ ಬಂತು, ಠಪ್ ಅಂತ ಸದ್ದು, ಸುಟ್ಟ ಮೀನಿನಂಥ ವಾಸನೆ. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಸರಿ. ಹೋಗುವಾಗ ಬೋರ್ಡ್, ಹಾರ್ಡ್ ಡಿಸ್ಕ್ ಎರಡನ್ನೂ ಕರೆದುಕೊಂಡು ಹೋಯಿತು. ಡಿಸ್ಕ್‌ನಲ್ಲಿ ಅವಳ ಪ್ರಾಜೆಕ್ಟ್ ವರದಿ ಇತ್ತು. ಈಗಲೂ ರಾಖಿ ಕಟ್ಟುವಾಗ ಎಸ್‌ಎಂಪಿಎಸ್ ವಿಷಯ ತೆಗೆಯುತ್ತಾಳೆ.

ಹಾಗಾಗಿ ಆ ಮೂರು ಸಾವಿರವನ್ನು ಮೊದಲು ಒಂದು ಒಳ್ಳೇ ಕಂಪನಿಯ, 80 ಪ್ಲಸ್ (ಕರೆಂಟ್ ಪೋಲು ಕಡಿಮೆ ಅಂತ ಹೇಳುವ) ಗುರುತಿರುವ ಹೊಸ ಎಸ್‌ಎಂಪಿಎಸ್‌ಗೆ ಹಾಕು. ಮಾವ ಕೊಟ್ಟಿದ್ದು ಡೆಲ್ ಆಗಿದ್ದರೆ ಕೊಳ್ಳುವ ಮುಂಚೆ ಮೇಲಿನ ಎಂಟು ಪಿನ್ನಿನ ಕಥೆ ಓದು. ಕಾರ್ಡ್ ವಿಷಯ ನಿನ್ನ ಪಿಯು ಪರೀಕ್ಷೆ ಮುಗಿದ ಮೇಲೆ ನೋಡೋಣ.

ಹೊಸದಾಗಿ ಜೋಡಿಸಿದ ಕಂಪ್ಯೂಟರ್. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ. ಟೆಸ್ಟರ್ ಇಟ್ಟರೆ ಉರಿಯುತ್ತದೆ. ಹಳೇ ಸಾಮಾನು ಹಾಕಿದ್ದೇ ತಪ್ಪಾಯಿತಾ?
– ಅಡಿಕೆ ಬೆಳೆಗಾರರು, ಶಿರಸಿ ತಾಲೂಕು

ಸಾಮಾನಿನ ತಪ್ಪಲ್ಲ, ಮನೆಯ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಬಾಗಿಲಲ್ಲೇ ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ತಗಡಿನ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಮೈಗೆ. ಕರೆಂಟಿನ ಗಲಿಬಿಲಿಯನ್ನು ಭೂಮಿಗೆ ಹರಿಸುವುದು ಅವುಗಳ ಕೆಲಸ. ಭೂಮಿಗೆ ದಾರಿಯೇ ಇಲ್ಲ ಅಂದರೆ ಕ್ಯಾಬಿನೆಟ್ ಮೇಲೆ 230ರ ಅರ್ಧ, 115 ವೋಲ್ಟ್ ಆಸುಪಾಸು ನಿಂತುಬಿಡುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಜುಂ. ಆದರೆ ಸುಮ್ನೆ ಬಿಡಬೇಡಿ. ನಾಳೆ ಒಳಗೆ ನಿಜವಾಗಿಯೂ ಫೇಸ್ ತಗುಲಿದರೆ ಅದನ್ನು ಹಿಡಿದು ನಿಲ್ಲಿಸಲು ಏನೂ ಇರುವುದಿಲ್ಲ. ಮೂರನೇ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ಹಾಕಿದ್ದೀರಾ ನೋಡಿ. ಇಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿ ತೋಡಿಸಿ. ನಿಮ್ಮ ಕಡೆ ಮಳೆಗಾಲದ ಸಿಡಿಲು ಬೇರೆ. ಮೋಡ ಕವಿದಾಗಲೇ, ಗುಡುಗು ಶುರುವಾಗುವ ಮುಂಚೆ, ಪ್ಲಗ್ಗಿನ ಜೊತೆ ಇಂಟರ್‌ನೆಟ್ ಕೇಬಲ್ ಕೂಡ ಕಿತ್ತಿಡಿ. ಅದನ್ನು ಜಾಸ್ತಿ ಜನ ಮರೆಯುತ್ತಾರೆ.

ನಾನು ನಿವೃತ್ತ ಶಿಕ್ಷಕಿ. ಹಳೇ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುತ್ತೇನೆ ಅಂತ ಮೊಮ್ಮಗ ಹಟ ಹಿಡಿದಿದ್ದಾನೆ. ಆದರೆ ನನ್ನ ಕೈ ನುಡಿ ಕೀಲಿಮಣೆಗೆ ಒಗ್ಗಿದೆ. ಅದು ಅಲ್ಲಿ ಇರುತ್ತದೆಯೇ?
– ಓದುಗರು, ಮಂಡ್ಯ

ಇರುತ್ತದೆ ಅಮ್ಮ. ನುಡಿಯ ತಂತ್ರಾಂಶ ವಿಂಡೋಸ್‌ನದ್ದು, ಆದರೆ ಆ ಕೀಲಿ ವಿನ್ಯಾಸ ಕನ್ನಡ ಗಣಕ ಪರಿಷತ್ತಿನದ್ದು. ಲಿನಕ್ಸ್‌ನಲ್ಲಿ ಅದು ಕೆಜಿಪಿ ಅನ್ನುವ ಹೆಸರಲ್ಲಿ ಸಿಗುತ್ತದೆ. ಮೊಮ್ಮಗನಿಗೆ "ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕು, ಐಬಸ್ ಹಾಕು, ಎಂ17ಎನ್ ಒಳಗೆ ಕನ್ನಡ ಕೆಜಿಪಿ ಆರಿಸು" ಅಂತ ಹೇಳಿ, ಅವನಿಗೆ ಅರ್ಥವಾಗುತ್ತದೆ. ಒತ್ತಕ್ಷರಕ್ಕೆ ಎಫ್ ಒತ್ತುವ ಅಭ್ಯಾಸ ಹಾಗೇ ನಡೆಯುತ್ತದೆ. ಬರೆಯಲು ಲಿಬ್ರೆ ಆಫೀಸ್ ಅದರಲ್ಲೇ ಬರುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ನಿಮ್ಮ ಬರವಣಿಗೆಗೆ ಧಾರಾಳ.

ವಿಂಡೋಸ್ ತೆಗೆಯುವ ಮುಂಚೆ ಒಂದು ಕೆಲಸ ಮಾಡಿಸಿ. ನಿಮ್ಮ ಹಳೇ ಕಡತಗಳು ನುಡಿಯ ಹಳೇ ಪದ್ಧತಿಯ ಆಸ್ಕಿ ಅಕ್ಷರದಲ್ಲಿದ್ದರೆ ಹೊಸ ಕಡೆ ತೆರೆದಾಗ ಚಿತ್ರವಿಚಿತ್ರ ಗೀಟುಗಳು ಕಾಣುತ್ತವೆ. ನುಡಿಯಲ್ಲೇ ಪರಿವರ್ತಕ ಇದೆ. ಎಲ್ಲವನ್ನೂ ಈಗಿನ ಕಂಪ್ಯೂಟರ್‌ಗಳೆಲ್ಲ ಓದುವ ಯೂನಿಕೋಡ್‌ಗೆ ಬದಲಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ಹುಡುಗ ಏನು ಬೇಕಾದರೂ ಮಾಡಲಿ.

ಗುಜರಿಯಲ್ಲಿ 500 ಜಿಬಿ ಹಾರ್ಡ್ ಡಿಸ್ಕ್ ಮುನ್ನೂರಕ್ಕೆ ಸಿಕ್ಕಿದೆ. ಬಳಸಬಹುದಾ?
– ಓದುಗರು, ತುಮಕೂರು

ಸಿನಿಮಾ ತುಂಬಿಡಲು ಬಳಸಿ, ಮದುವೆ ಫೋಟೋ ಬೇಡ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ತಂತ್ರಾಂಶ ಹಾಕಿ ನೋಡಿ. 05 ಮತ್ತು ಸಿ5 ಅನ್ನುವ ಎರಡು ಸಾಲುಗಳು ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ, ಅವುಗಳ ಕೊನೆಯಲ್ಲಿ ಸೊನ್ನೆ ಇರಬೇಕು. ಎಷ್ಟು ಗಂಟೆ ಓಡಿದೆ ಅಂತಲೂ ಅದೇ ತೋರಿಸುತ್ತದೆ. ವರ್ಷಕ್ಕೆ 8,760 ಗಂಟೆ. ನಲವತ್ತು ಸಾವಿರ ಕಂಡರೆ ಅದು ಯಾವುದೋ ಸಿಸಿ ಕ್ಯಾಮೆರಾ ಡಬ್ಬದಿಂದ ಎದ್ದು ಬಂದಿರಬಹುದು. ಒಳಗೆ ಹಿಂದಿನವರ ಕಡತ ಸಿಕ್ಕರೆ ನೋಡಬೇಡಿ, ಅಳಿಸಿ.

ನಾನೇ ಜೋಡಿಸಿದ ಕಂಪ್ಯೂಟರ್ ಮಲಗಿಸಿಟ್ಟರೆ ಆನ್ ಆಗುತ್ತದೆ, ನಿಲ್ಲಿಸಿದರೆ ಆಗುವುದಿಲ್ಲ. ನಗಬೇಡಿ.
– ಓದುಗರು, ಚಿತ್ರದುರ್ಗ

ನಗುತ್ತಿಲ್ಲ, ಇಂಥದ್ದು ನನ್ನ ಟೇಬಲ್‌ಗೆ ಎರಡು ಸಲ ಬಂದಿದೆ. ಒಂದರಲ್ಲಿ ರ‍್ಯಾಮ್ ಒಂದು ಕಡೆ ಪೂರ್ತಿ ಕೂತಿರಲಿಲ್ಲ. ಕಿತ್ತು, ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕ್ಲಿಪ್ ಟಕ್ ಅನ್ನುವ ತನಕ ಒತ್ತಿದೆ, ಸರಿಹೋಯಿತು. ಇನ್ನೊಂದರಲ್ಲಿ ಬೋರ್ಡಿನ ಹಿಂದೆ ಒಂದು ಸ್ಕ್ರೂ ಬಿದ್ದಿತ್ತು. ಮಲಗಿಸಿದಾಗ ಪಕ್ಕಕ್ಕೆ ಸರಿದು ಸುಮ್ಮನಿರುತ್ತಿತ್ತು, ನಿಲ್ಲಿಸಿದಾಗ ಉರುಳಿ ಬೆಸುಗೆಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಪ್ಲಗ್ ಕಿತ್ತು, ಕ್ಯಾಬಿನೆಟ್ ಎತ್ತಿ ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ. ಗಿಲಕಿ ಥರ ಸದ್ದು ಬಂದರೆ ಬೋರ್ಡ್ ಬಿಚ್ಚಿ. ಬಿಚ್ಚುವಾಗ ಸ್ಕ್ರೂಗಳನ್ನು ಎಣಿಸಿ ಒಂದು ಬಟ್ಟಲಿಗೆ ಹಾಕಿಕೊಳ್ಳಿ.