ಒಂದು ಕೈ ಬರದವರು ಮೀನು ಹಿಡಿಯಬಹುದಾ?

ಬೈಕ್ ಅಪಘಾತದಲ್ಲಿ ತಮ್ಮನ ಬಲಗೈ ಸ್ವಾಧೀನ ತಪ್ಪಿದೆ, ಮನೆಯಿಂದ ಹೊರಗೇ ಬರಲ್ಲ, ಅಮೆರಿಕದಲ್ಲಿ ಫ್ಲೈ ಫಿಶಿಂಗ್ (ನಕಲಿ ಹುಳು ಕಟ್ಟಿ ಮೀನು ಹಿಡಿಯೋದು) ಮಾಡಿಸಿ ಇಂಥವರಿಗೆ ಚೇತರಿಕೆ ಕೊಡ್ತಾರಂತೆ, ಕಲಬುರಗಿಯಲ್ಲಿ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ ಅಕ್ಕಾ. ನಾನು ಭಾಲ್ಕಿ ಕಡೆಯವನು, ನನಗೂ ಬಲಗೈ ಬರಲ್ಲ. ಐದು ವರ್ಷದಿಂದ ಕಾರಂಜಾ ಡ್ಯಾಮಿನ ಹಿನ್ನೀರಲ್ಲಿ ಎಡಗೈಯಲ್ಲೇ ಗಾಳ ಹಾಕುತ್ತೇನೆ.

ನೀವು ನೋಡಿದ್ದು ಬಹುಶಃ ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್ ಅನ್ನೋ ಕಾರ್ಯಕ್ರಮ ಇರಬೇಕು. 2005ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರಿಗಾಗಿ ಶುರುವಾಗಿದ್ದು. ಫ್ಲೈ ಫಿಶಿಂಗಲ್ಲಿ ಸೀಸದ ಗುಂಡು ಕಟ್ಟಿ ಎಸೆಯಲ್ಲ. ಪುಕ್ಕ, ದಾರ ಸುತ್ತಿ ಮಾಡಿದ ಹುಳುವಿಗೆ ತೂಕವೇ ಇರಲ್ಲ, ತೂಕ ಇರೋದು ಗಾಳದ ದಪ್ಪ ದಾರದಲ್ಲಿ. ಅದಕ್ಕೇ ಕೋಲನ್ನು ಹಿಂದಕ್ಕೆ ತಂದು, ಒಂದು ಕ್ಷಣ ತಡೆದು, ಮುಂದಕ್ಕೆ ಬಿಡಬೇಕು. ಜಾಸ್ತಿ ಶಕ್ತಿ ಬೇಡ, ಲಯ ಬೇಕು. ಆದರೆ ದಾರ ಎಳೆಯಲು ಇನ್ನೊಂದು ಕೈ ಬೇಕಾಗುತ್ತೆ. ಅದಿಲ್ಲದವರು ಎದೆಗೆ ಪಟ್ಟಿ ಕಟ್ಟಿ ಅದರಲ್ಲಿ ಕೋಲು ಸಿಕ್ಕಿಸುತ್ತಾರೆ, ಕೆಲವರು ಹಲ್ಲಲ್ಲೇ ದಾರ ಎಳೆಯುತ್ತಾರೆ.

ನಿಮ್ಮ ತಮ್ಮನಿಗೆ ಮೊದಲೇ ಅಷ್ಟು ದುಬಾರಿ ಸಾಮಾನು ಬೇಡ. ಜಪಾನಿನಲ್ಲಿ ತೆಂಕಾರಾ ಅಂತ ಒಂದು ಪದ್ಧತಿ ಇದೆ, ದಾರ ಸುತ್ತೋ ರೀಲೇ ಇಲ್ಲ, ಕೋಲಿನ ತುದಿಗೇ ದಾರ. ನಮ್ಮ ಬಿದಿರು ಗಾಳವೂ ಹಾಗೇ ಅಲ್ವಾ? ಒಂದು ಕೈ ಸಾಕು.

ಕಷ್ಟ ಆಗೋದು ಕೊಕ್ಕೆಗೆ ಹಿಟ್ಟು ಹಚ್ಚುವಾಗ. ನಾನು ಒಂದು ಹಲಗೆಗೆ ಥರ್ಮಾಕೋಲ್ ತುಂಡು ಅಂಟಿಸಿ ತೊಡೆಯ ಕೆಳಗೆ ಒತ್ತಿ ಇಟ್ಟುಕೊಳ್ಳುತ್ತೇನೆ. ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿದರೆ ಅಲ್ಲಾಡಲ್ಲ, ಆಮೇಲೆ ಕಲಸಿದ ಹಿಟ್ಟನ್ನು ಎಡಗೈ ಬೆರಳಲ್ಲೇ ಒತ್ತುತ್ತೇನೆ. ಮೀನು ಬಿದ್ದರೆ ಕೋಲು ಎತ್ತಿ ಮಡಿಲಿಗೆ ತಂದು, ಒದ್ದೆ ಬಟ್ಟೆ ಹಾಕಿ ಮೊಣಕಾಲ ಮಧ್ಯೆ ಹಿಡಿಯುತ್ತೇನೆ. ಇದು ಕೈಗೆ ಕೂರಲು ನನಗೆ ಎರಡು ತಿಂಗಳು ಹಿಡಿಯಿತು, ಮೊದಲ ವಾರ ಬರೀ ದಾರ ಬಿಡಿಸೋದೇ ಕೆಲಸ.

ಒಂದು ಮಾತು ಮಾತ್ರ ಮರೆಯಬೇಡಿ. ಅವನು ಒದ್ದಾಡುವಾಗ ಕೋಲು ಕಸಿದುಕೊಳ್ಳಬೇಡಿ. ನನ್ನ ಗೆಳೆಯ ಪ್ರೀತಿಯಿಂದಲೇ, ಪಾಪ, ನನ್ನ ಕೈಯಿಂದ ಕೋಲು ತಗೊಂಡು ಮೀನು ಎಳೆದ. ಅವತ್ತು ನನಗೆ ಆಸ್ಪತ್ರೆಯಲ್ಲಿ ಅತ್ತದ್ದಕ್ಕಿಂತ ಜಾಸ್ತಿ ಅಳು ಬಂತು. ಮುಂದಿನ ವಾರ ಅವನು ದೂರ ಕೂತ. ಒಂದು ಅಂಗೈಯಷ್ಟು ಜಿಲೇಬಿ ಮೀನನ್ನು ನಾನೇ ಎತ್ತಿದೆ. ಅವತ್ತು ಮೂರು ಗಂಟೆ ಕೂತಿದ್ದೆ, ಕೈ ನೆನಪೇ ಆಗಲಿಲ್ಲ.

ಫಿಸಿಯೋಥೆರಪಿ ಬಿಡಿಸಬೇಡಿ, ಇದು ಅದರ ಜೊತೆಗೆ. ನಮ್ಮ ಕಡೆ ಕೆರೆಗಳ ಮೀನು ಗುತ್ತಿಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನೋ ಸಂಘದವರನ್ನೋ ಮೊದಲು ಕೇಳಿ. ಒಂದು ಕೈಯಲ್ಲಿ ಈಜೋದು ಕಷ್ಟ, ಲೈಫ್ ಜಾಕೆಟ್ ಹಾಕಿಸಿ. ಎರೆಮಣ್ಣಿನ ದಂಡೆ ಜಾರುತ್ತೆ, ಕಲ್ಲು ಕಟ್ಟಿದ ಜಾಗ ನೋಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಅವನಿಗೆ ಮನಸ್ಸಾದರೆ ಇಲ್ಲಿ ಉತ್ತರ ಬರೆಯಿರಿ, ಭಾನುವಾರ ಕಾರಂಜಾಕ್ಕೆ ಕರೆದುಕೊಂಡು ಬನ್ನಿ, ನನ್ನ ಹಲಗೆಯಂಥದ್ದೇ ಇನ್ನೊಂದು ಮಾಡಿಟ್ಟಿರುತ್ತೇನೆ.