ಕಾನ್‌ಸ್ಟ್ ಎಂದು ಬರೆದರೂ ಟೇಬಲ್ ರ‍್ಯಾಮ್ ನುಂಗುವುದೇಕೆ?

ಪ್ರಶ್ನೆ: ಎಟಿಮೆಗಾ328ಪಿ ಮೈಕ್ರೊಕಂಟ್ರೋಲರ್ ಚಿಪ್ ಮತ್ತು ಥರ್ಮಿಸ್ಟರ್ (ಉಷ್ಣಾಂಶಕ್ಕೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ) ಬಳಸಿ ಉಷ್ಣಾಂಶ ಅಳೆಯುತ್ತಿದ್ದೇನೆ. ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ಕೊಟ್ಟ ಸಂಖ್ಯೆಯಿಂದ ಉಷ್ಣಾಂಶ ತಿಳಿಯಲು 800 ಬೆಲೆಗಳ 16 ಬಿಟ್ ಟೇಬಲ್ ಇದೆ, ಕಾನ್‌ಸ್ಟ್ ಎಂದೇ ಬರೆದಿದ್ದೇನೆ. ಸ್ವಲ್ಪ ಹೊತ್ತು ಸರಿಯಾಗಿ ಓಡಿ ಆಮೇಲೆ ಎಲ್‌ಸಿಡಿಯಲ್ಲಿ ಏನೇನೋ ಅಕ್ಷರ ಬರುತ್ತವೆ, ಕೆಲವೊಮ್ಮೆ ಚಿಪ್ ತಾನಾಗಿ ರೀಸೆಟ್ ಆಗುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಟೇಬಲ್ ರ‍್ಯಾಮ್‌ನಲ್ಲಿ ಕೂತಿದೆ. ಈ ಚಿಪ್‌ನ ರ‍್ಯಾಮ್ 2048 ಬೈಟ್. ಟೇಬಲ್‌ಗೇ 1600 ಹೋಯಿತು. ಉಳಿದ 448 ಬೈಟ್‌ನಲ್ಲಿ ಬೇರೆಲ್ಲ ವೇರಿಯಬಲ್‌ಗಳೂ ಸ್ಟ್ಯಾಕ್ (ಫಂಕ್ಷನ್‌ಗಳು ತಾತ್ಕಾಲಿಕವಾಗಿ ಬಳಸುವ ಜಾಗ) ಕೂಡ ಹಿಡಿಯಬೇಕು. ಫಂಕ್ಷನ್ ಒಳಗೆ ಫಂಕ್ಷನ್, ಮೇಲೊಂದು ಇಂಟರಪ್ಟ್ ಬಂದಾಗ ಸ್ಟ್ಯಾಕ್ ಕೆಳಗಿಳಿದು ವೇರಿಯಬಲ್‌ಗಳ ಮೇಲೆ ಬರೆಯುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಸರಿಹೊಂದುತ್ತದೆ.

ಸಿ ಭಾಷೆಯಲ್ಲಿ ಕಾನ್‌ಸ್ಟ್ ಎಂದರೆ 'ಬದಲಿಸಬೇಡ' ಎಂದಷ್ಟೇ, ಎಲ್ಲಿಡಬೇಕು ಎಂದಲ್ಲ. ಈ ಚಿಪ್‌ನಲ್ಲಿ ಪ್ರೋಗ್ರಾಂ ಉಳಿಯುವ ಫ್ಲ್ಯಾಶ್ ಮೆಮೊರಿ ಮತ್ತು ರ‍್ಯಾಮ್‌ಗಳ ವಿಳಾಸ ಸಾಲು ಬೇರೆ ಬೇರೆ, ಓದುವ ಇನ್‌ಸ್ಟ್ರಕ್ಷನ್ ಕೂಡ ಬೇರೆ. ಹಾಗಾಗಿ ಜಿಸಿಸಿ ಕಂಪೈಲರ್ ಕಾನ್‌ಸ್ಟ್ ಟೇಬಲನ್ನೂ ಪವರ್ ಬಂದ ಕೂಡಲೇ ಫ್ಲ್ಯಾಶ್‌ನಿಂದ ರ‍್ಯಾಮ್‌ಗೆ ನಕಲು ಮಾಡಿಸುತ್ತದೆ. ಎಆರ್‌ಎಂ ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ವಿಳಾಸ ಸಾಲು ಒಂದೇ ಆದ್ದರಿಂದ ಈ ತೊಂದರೆ ಇಲ್ಲ.

ಟೇಬಲನ್ನು ಫ್ಲ್ಯಾಶ್‌ನಲ್ಲೇ ಉಳಿಸಲು ಪಿಜಿಎಂಸ್ಪೇಸ್ ಹೆಡರ್ ಸೇರಿಸಿ, ಟೇಬಲ್ ಘೋಷಣೆಗೆ ಪ್ರೋಗ್‌ಮೆಮ್ ಹಚ್ಚಿ. ಟೇಬಲ್ ಫಂಕ್ಷನ್ ಒಳಗಿದ್ದರೆ ಸ್ಟ್ಯಾಟಿಕ್ ಕೂಡ ಬೇಕು. ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ: ಇನ್ನು ಟೇಬಲನ್ನು ಚೌಕ ಆವರಣದಿಂದ ನೇರ ಓದುವಂತಿಲ್ಲ, ಬೇಕಾದ ಬೆಲೆಯ ವಿಳಾಸವನ್ನು ಫ್ಲ್ಯಾಶ್ ಓದುವ ಪಿಜಿಎಂ-ರೀಡ್-ವರ್ಡ್‌ಗೆ ಕೊಡಬೇಕು. ನೇರ ಓದಿದರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಅದೇ ಸಂಖ್ಯೆಯ ರ‍್ಯಾಮ್ ವಿಳಾಸದಲ್ಲಿ ಏನಿದೆಯೋ ಅದನ್ನು ತಂದುಕೊಡುತ್ತದೆ. ಇನ್ನೂ ಮೋಸದ ಸಂಗತಿಯೆಂದರೆ, ಇಂಡೆಕ್ಸ್ ಜಾಗದಲ್ಲಿ 5 ಎಂದು ನೇರ ಬರೆದು ಪರೀಕ್ಷಿಸಿದರೆ ಕಂಪೈಲರ್ ಮೊದಲೇ ಲೆಕ್ಕ ಹಾಕಿ ಸರಿಯುತ್ತರ ಇಟ್ಟಿರಬಹುದು. ಆದ್ದರಿಂದ ಎಡಿಸಿಯಿಂದ ಬಂದ ಬೆಲೆಯಲ್ಲೇ ಪರೀಕ್ಷಿಸಿ.

ಪಿಜಿಎಂ-ರೀಡ್-ವರ್ಡ್ ಕೊಡುವುದು ಚಿಹ್ನೆಯಿಲ್ಲದ ಸಂಖ್ಯೆ. ಡಿಗ್ರಿಯ ಹತ್ತನೇ ಒಂದರ ಲೆಕ್ಕದಲ್ಲಿ −5.0 ಅಂದರೆ −50. ಅದನ್ನು ನೇರ ಫ್ಲೋಟ್‌ಗೆ ಹಾಕಿದರೆ 65486 ಆಗುತ್ತದೆ. ಮೊದಲು ಚಿಹ್ನೆಯಿರುವ 16 ಬಿಟ್ ವೇರಿಯಬಲ್‌ಗೆ ತನ್ನಿ.

ಬದಲಾವಣೆಯಾದ ಮೇಲೆ ಮೆಮೊರಿ ಬಳಕೆ ತೋರಿಸುವ ಎವಿಆರ್-ಸೈಜ್ ಓಡಿಸಿ: ಡೇಟಾ ಅಂಕಣ 1600 ಬೈಟ್‌ನಷ್ಟು ಇಳಿದಿರಬೇಕು. ಫ್ಲ್ಯಾಶ್ ಬಳಕೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಟೇಬಲ್‌ನ ಮೂಲಪ್ರತಿ ಮೊದಲೂ ಅಲ್ಲೇ ಇತ್ತು.

ನಿಜಕ್ಕೂ 800 ಬೆಲೆ ಬೇಕಿಲ್ಲ. 10 ಬಿಟ್ ಎಡಿಸಿಯಲ್ಲಿ ಪ್ರತಿ 32 ಎಣಿಕೆಗೊಂದು ಬಿಂದು ಇಟ್ಟರೆ 33 ಬೆಲೆ, 66 ಬೈಟ್ ಸಾಕು. ಓದನ್ನು ಬಲಕ್ಕೆ 5 ಬಿಟ್ ಸರಿಸಿದರೆ ಇಂಡೆಕ್ಸ್. ಕೆಳಗಿನ 5 ಬಿಟ್ ಎರಡು ಬಿಂದುಗಳ ನಡುವೆ ಎಷ್ಟು ದೂರ ಎಂಬುದು. ವ್ಯತ್ಯಾಸವನ್ನು ಅದರಿಂದ ಗುಣಿಸಿ, 32ರಿಂದ ಭಾಗಿಸಿ, ಮೊದಲ ಬಿಂದುವಿಗೆ ಕೂಡಿಸಿ. ಥರ್ಮಿಸ್ಟರ್‌ನ ರೇಖೆ ಎರಡು ತುದಿಗಳಲ್ಲಿ ಹೆಚ್ಚು ಬಾಗುತ್ತದೆ. ನಿಮ್ಮ ಅಳತೆ ಅಲ್ಲಿಗೆ ಹೋಗುವುದಾದರೆ 16ಕ್ಕೊಂದರಂತೆ 65 ಬಿಂದು ಇಡಿ. ಕೊನೆಯ ಆ ಒಂದು ಹೆಚ್ಚುವರಿ ಬಿಂದುವನ್ನು ಮಾತ್ರ ಬಿಡಬೇಡಿ: 32ಕ್ಕೊಂದರ ಟೇಬಲ್‌ನಲ್ಲಿ ಓದು 992 ದಾಟಿದಾಗ ಲೆಕ್ಕಕ್ಕೆ 33ನೆಯ ಬೆಲೆ ಬೇಕು, ಅದಿಲ್ಲದಿದ್ದರೆ ಟೇಬಲ್ ಆಚೆಗಿನ ಬೈಟ್‌ಗಳೇ ಉಷ್ಣಾಂಶವಾಗಿ ಬರುತ್ತವೆ.