ಬ್ರಿಟನ್ ವಿದೇಶಾಂಗ ನೀತಿಯ ಐದು ತತ್ವಗಳು ಬೇಕಾ? ಪಟ್ಟಿ ಬಿಡಿ

19ನೇ ಶತಮಾನದ ಮಧ್ಯದ ಬ್ರಿಟಿಷ್ ವಿದೇಶಾಂಗ ನೀತಿಯ ತತ್ವಗಳನ್ನು ಪರೀಕ್ಷೆಗೆ ಐದು ಪಾಯಿಂಟ್‌ನಲ್ಲಿ ಕೇಳಿದ್ದೀರಿ. ಇಂಥದ್ದೇ ಪಟ್ಟಿ ಉರು ಹೊಡೆದು ನಾನೂ ಎಂ.ಎ. ಇತಿಹಾಸದ ಪೇಪರ್ ಬರೆಯಲು ಹೋಗಿದ್ದೆ. ಶಕ್ತಿ ಸಮತೋಲನ (ಯುರೋಪಿನಲ್ಲಿ ಯಾವ ಒಂದು ದೇಶವೂ ಅತಿ ಬಲಶಾಲಿಯಾಗದಂತೆ ನೋಡಿಕೊಳ್ಳುವುದು), ಮುಕ್ತ ವ್ಯಾಪಾರ, ಸಂವಿಧಾನಬದ್ಧ ಸರ್ಕಾರಗಳಿಗೆ ಬೆಂಬಲ, ನೌಕಾಬಲ, ತುರ್ಕಿಯ ರಕ್ಷಣೆ.

ಪ್ರಶ್ನೆ ಬಂದಿದ್ದು ಯುರೋಪಿನ 1848-49ರ ಕ್ರಾಂತಿಗಳ ಕಾಲದಲ್ಲಿ ಬ್ರಿಟನ್ ಏನು ಮಾಡಿತು ಅಂತ. ನಾನು ಮೂರನೇ ಪಾಯಿಂಟ್ ಹಿಡಿದುಕೊಂಡೆ. ಬ್ರಿಟನ್ನಿನ ವಿದೇಶಾಂಗ ಸಚಿವ ಪಾಮರ್‌ಸ್ಟನ್ ಬೆಲ್ಜಿಯಂ ಸ್ವತಂತ್ರವಾಗಲು ನೆರವಾದ, 1834ರಲ್ಲಿ ಸ್ಪೇನ್, ಪೋರ್ಚುಗಲ್‌ನ ಉದಾರವಾದಿಗಳ ಪರ ನಿಂತ. ಅಂದಮೇಲೆ ಆಸ್ಟ್ರಿಯಾದ ಆಳ್ವಿಕೆ ವಿರುದ್ಧ ದಂಗೆಯೆದ್ದ ಹಂಗೇರಿಯ ಪರವೂ ನಿಂತಿರಲೇಬೇಕು ಅಲ್ವಾ? ಹಾಗಂತ ಪುಟಗಟ್ಟಲೆ ಬರೆದೆ. ಪೇಪರ್ ಹೋಯಿತು.

ಎಲ್ಲಿ ತಪ್ಪಿತು ಅಂದರೆ, ನಾನು ಘಟನೆಯಿಂದ ತತ್ವ ಹುಡುಕಲಿಲ್ಲ, ತತ್ವದಿಂದ ಘಟನೆ ಹುಟ್ಟಿಸಿಬಿಟ್ಟೆ. ಆಸ್ಟ್ರಿಯಾ ಚಕ್ರವರ್ತಿ ಕರೆದ, ರಷ್ಯಾದ ಸೈನ್ಯ 1849ರಲ್ಲಿ ಹಂಗೇರಿಗೆ ಇಳಿಯಿತು. ಬ್ರಿಟನ್ ತಡೆಯಲಿಲ್ಲ. ಪಾಮರ್‌ಸ್ಟನ್‌ಗೆ ಹಂಗೇರಿಯವರ ಮೇಲೆ ಕನಿಕರ ಇತ್ತು, ಸುಳ್ಳಲ್ಲ. ಆದರೆ ಆಸ್ಟ್ರಿಯಾ ಒಡೆದುಹೋದರೆ ಮಧ್ಯ ಯುರೋಪಿನಲ್ಲಿ ರಷ್ಯಾಕ್ಕೆ ಎದುರು ನಿಲ್ಲುವವರು ಯಾರು? ಸರಿ, ಅದೇ ವರ್ಷ ಸೋತ ಹಂಗೇರಿಯನ್ನರು, ನಾಯಕ ಕೊಶೂತ್ ಸಮೇತ, ತುರ್ಕಿಗೆ ಓಡಿಬಂದರು. ಅವರನ್ನು ಒಪ್ಪಿಸಿ ಅಂತ ರಷ್ಯಾ, ಆಸ್ಟ್ರಿಯಾ ಎರಡೂ ಸುಲ್ತಾನನ ಮೇಲೆ ಒತ್ತಡ ಹಾಕಿದಾಗ ಬ್ರಿಟನ್ ತನ್ನ ನೌಕಾಪಡೆಯನ್ನು ತುರ್ಕಿಯ ಡಾರ್ಡನೆಲ್ಸ್ ಜಲಸಂಧಿ ಕಡೆಗೆ ಕಳಿಸಿತು! ಅದೇ ಜನ, ಅದೇ ವರ್ಷ. ಹಂಗೇರಿಯಲ್ಲಿದ್ದಾಗ ಇಲ್ಲದ ಹಡಗು ತುರ್ಕಿಗೆ ಬಂದಮೇಲೆ ಬಂತು. ಯಾಕೆಂದರೆ ರಷ್ಯಾ ಮೆಡಿಟರೇನಿಯನ್‌ಗೆ ಇಳಿಯದಂತೆ ತಡೆಯಲು ತುರ್ಕಿ ಬೇಕಿತ್ತು. ತುರ್ಕಿ ಜೊತೆಗಿನ 1838ರ ವ್ಯಾಪಾರ ಒಪ್ಪಂದದಿಂದ ಅಲ್ಲಿನ ಮಾರುಕಟ್ಟೆಯೂ ತೆರೆದಿತ್ತು. ಇದಿಷ್ಟು ನನ್ನ ಉತ್ತರದಲ್ಲಿದ್ದಿದ್ದರೆ ಸಾಕಿತ್ತು.

ಬೆಲ್ಜಿಯಂ ಕಥೆಯೂ ಹಾಗೇ. ಇಂಗ್ಲೆಂಡಿನ ಎದುರಿನ ಕರಾವಳಿ ಫ್ರಾನ್ಸ್ ಕೈಗೆ ಸಿಗಬಾರದು ಅನ್ನುವುದೇ ದೊಡ್ಡ ಚಿಂತೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಐದು ಸಮಾನ ತತ್ವಗಳು ಇರಲೇ ಇಲ್ಲ. ನಮಗೆ ಶಾಶ್ವತ ಮಿತ್ರರೂ ಇಲ್ಲ, ಶಾಶ್ವತ ಶತ್ರುಗಳೂ ಇಲ್ಲ, ಹಿತಾಸಕ್ತಿಗಳು ಮಾತ್ರ ಶಾಶ್ವತ ಅಂತ 1848ರಲ್ಲಿ ಪಾಮರ್‌ಸ್ಟನ್ ಸಂಸತ್ತಿನಲ್ಲೇ ಹೇಳಿದ್ದ. ಮುಕ್ತ ವ್ಯಾಪಾರ ಅನ್ನುವುದು ಚೀನಾದಲ್ಲಿ ಅಫೀಮು ಯುದ್ಧವಾಗಿ ಬಂತು. ಆ ಅಫೀಮು ಬೆಳೆದಿದ್ದು ನಮ್ಮ ಭಾರತದಲ್ಲಿ, ಇದನ್ನು ಮಾತ್ರ ಗೈಡ್‌ಗಳು ಒಂದು ಸಾಲಲ್ಲಿ ಮುಗಿಸುತ್ತವೆ. ಇನ್ನು ಗ್ರೀಸ್‌ನಂಥ ಸಣ್ಣ ದೇಶ ಸಿಕ್ಕರೆ, ಬ್ರಿಟಿಷರ ಜಿಬ್ರಾಲ್ಟರ್‌ನಲ್ಲಿ ಹುಟ್ಟಿದ ಡಾನ್ ಪೆಸಿಫಿಕೊ ಎಂಬೊಬ್ಬ ವ್ಯಾಪಾರಿಯ ಮನೆ ಲೂಟಿಯಾದ ಪರಿಹಾರಕ್ಕೂ 1850ರಲ್ಲಿ ಬಂದರಿಗೆ ದಿಗ್ಬಂಧನ.

ದೊಡ್ಡ ಸೈನ್ಯ ಎದುರಾದರೆ? 1863ರಲ್ಲಿ, ಆಗ ಪ್ರಧಾನಿಯಾಗಿದ್ದ ಪಾಮರ್‌ಸ್ಟನ್, ಡೆನ್ಮಾರ್ಕ್ ಮೇಲೆ ಕೈಮಾಡಿದವರು ಡೆನ್ಮಾರ್ಕ್ ಒಂದನ್ನೇ ಎದುರಿಸಬೇಕಾಗುವುದಿಲ್ಲ ಎಂಬರ್ಥದಲ್ಲಿ ಎಚ್ಚರಿಸಿದ್ದ. ಮರುವರ್ಷ ಪ್ರಷ್ಯಾ, ಆಸ್ಟ್ರಿಯಾ ನುಗ್ಗಿದವು. ಫ್ರಾನ್ಸ್ ಜೊತೆಗೆ ಬರಲಿಲ್ಲ, ಹಡಗುಗಳಿಂದ ನೆಲದ ಸೈನ್ಯ ತಡೆಯಲು ಆಗುವುದಿಲ್ಲ. ಬ್ರಿಟನ್ ಸುಮ್ಮನೆ ಕೂತಿತು. ಇದನ್ನು ನಿಮ್ಮ ಐದರಲ್ಲಿ ಯಾವ ಪಾಯಿಂಟ್ ಕೆಳಗೆ ಬರೆಯುತ್ತೀರಿ?